ಚಪ್ಪಲಿ ನಮ್ಮದು, ಹೆಸರು ಕೊಲ್ಹಾಪುರದ್ದು, ರೊಕ್ಕ ಯಾರದು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಅಂದ ಕೂಡಲೇ ಬೆಂಗಳೂರಿನ ಸಾಹೇಬರ ಕಣ್ಣಿಗೆ ಕಾಣುವುದು ಬರೀ ಕಬ್ಬು. ಕೃಷ್ಣೆ, ದೂಧಗಂಗೆ, ವೇದಗಂಗೆ ಹರಿಯುವ ಸೀಮೆ. ಹಂಗಾಮು ಬಂತೆಂದರೆ ರಸ್ತೆ ತುಂಬ ಟ್ರ್ಯಾಕ್ಟರು, ಕಾರಖಾನೆ ಚಿಮಣಿ ತುಂಬ ಹೊಗೆ. ‘ಅವರಿಗೇನ್ರೀ ಕಡಿಮಿ? ಸಕ್ಕರೀ ಸೀಮಿ ಮಂದಿ!’ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ.

ಖರೆ, ಹೊಲ ಇದ್ದವನಿಗೆ ಸಕ್ಕರೆ ಉಂಟು. ಹೊಲ ಇಲ್ಲದವನಿಗೆ ಏನುಂಟು?

ಈ ಐದೂ ತಾಲೂಕುಗಳಲ್ಲಿ ಒಂದು ಗೇಣು ಹೊಲವಿಲ್ಲದ, ಆದರೆ ಜಗತ್ತಿಗೇ ಹೆಸರಾದ ಕಸುಬು ಕೈಯಲ್ಲಿ ಇಟ್ಟುಕೊಂಡ ಮಂದಿ ಇದ್ದಾರೆ. ಅಥಣಿ, ನಿಪ್ಪಾಣಿ, ಮದಭಾವಿ, ಶಿರಗುಪ್ಪಿ ಕಡೆಯ ಸಮಗಾರ ಓಣಿಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಕಸುಬು ಅದು. ಅವರು ಮಾಡುವ ಚಪ್ಪಲಿಗೆ ಲೋಕವೆಲ್ಲ ‘ಕೊಲ್ಹಾಪುರಿ’ ಅನ್ನುತ್ತದೆ. ಮಾಡುವವರು ಇಲ್ಲಿ, ಹೆಸರು ಅಲ್ಲಿ, ಲಾಭ ಇನ್ನೆಲ್ಲೋ! ಕೈ ಕೆಸರಾದರೆ ಬಾಯಿ ಮೊಸರು ಅನ್ನುವ ಗಾದೆ ನಮ್ಮ ಕಡೆ ತಿರುಗಿ ಬಿದ್ದಿದೆ. ಕೆಸರಾದ ಕೈ ಒಬ್ಬರದು, ಮೊಸರುಂಡ ಬಾಯಿ ಇನ್ನೊಬ್ಬರದು.

ಹಳ್ಳಿಗಳು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕು ಅಂತ ನಮ್ಮ ಧುರೀಣರು ಪ್ರತಿ ಸಭೆಯಲ್ಲೂ ಭಾಷಣ ಬಿಗಿಯುತ್ತಾರೆ. ಊರ ಮಂದಿಯ ಕಾಲಿಗೆ ಚಪ್ಪಲಿ ಮಾಡಿ ಕೊಟ್ಟವನು ತನ್ನ ಕಾಲ ಮೇಲೆ ನಿಂತಿದ್ದಾನೆಯೇ? ಇದೇ ಇವತ್ತಿನ ವಿಚಾರ.

ಮಿಲಾನದಲ್ಲಿ ಗದ್ದಲ, ಅಥಣಿಯಲ್ಲಿ ಮೌನ

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ ಪಟ್ಟಣದಲ್ಲಿ ಪ್ರಾಡಾ ಅನ್ನುವ ಭಾರೀ ಕಂಪನಿ ತನ್ನ ಹೊಸ ಉಡುಪುಗಳ ಮೆರವಣಿಗೆ ನಡೆಸಿತು. ಅಲ್ಲಿ ನಡೆದುಬಂದ ತರುಣರ ಕಾಲಲ್ಲಿ ಇದ್ದದ್ದು ಅಚ್ಚ ನಮ್ಮ ಚಪ್ಪಲಿಯದೇ ಪಡಿಯಚ್ಚು. ಆದರೆ ಕಂಪನಿ ಅದಕ್ಕೆ ಬರೀ ‘ಚರ್ಮದ ಸ್ಯಾಂಡಲ್’ ಅಂತ ಹೆಸರಿಟ್ಟಿತು. ಕೊಲ್ಹಾಪುರದ ಹೆಸರೂ ಇಲ್ಲ, ಹಿಂದುಸ್ತಾನದ ಹೆಸರೂ ಇಲ್ಲ. ಗದ್ದಲ ಎದ್ದಿತು. ಮಹಾರಾಷ್ಟ್ರದ ವಾಣಿಜ್ಯ ಸಂಸ್ಥೆ ಕಾಗದ ಬರೆಯಿತು. ಭಾರತದ ಕೈಕಸುಬಿನಿಂದ ಪ್ರೇರಣೆ ಪಡೆದದ್ದು ಹೌದು ಅಂತ ಕಂಪನಿ ಒಪ್ಪಿಕೊಂಡಿತು.

ಆ ಗದ್ದಲದ ನಡುವೆಯೇ ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆಯವರು ಒಂದು ಮಾತು ನೆನಪಿಸಿದರು. ಈ ಚಪ್ಪಲಿ ಮಾಡುವ ಕಸುಬುದಾರರಲ್ಲಿ ದೊಡ್ಡ ಪಾಲು ಮಂದಿ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳಲ್ಲಿ ಇದ್ದಾರೆ ಅಂತ. ಮಾತು ಬರೋಬ್ಬರಿ. ಮಂತ್ರಿಗಳು ಹೇಳಿದ ಮೇಲಾದರೂ ಪತ್ರಿಕೆಗಳಲ್ಲಿ ನಮ್ಮ ಊರುಗಳ ಹೆಸರು ಬಂತು.

ಅದೇ ವರ್ಷ ಡಿಸೆಂಬರಿನಲ್ಲಿ ಪ್ರಾಡಾ ಕಂಪನಿಯು ಮಹಾರಾಷ್ಟ್ರದ ಲಿಡ್‌ಕಾಮ್ ಹಾಗೂ ಕರ್ನಾಟಕದ ಲಿಡ್ಕರ್, ಈ ಎರಡೂ ಸರಕಾರಿ ನಿಗಮಗಳ ಜೊತೆ ಕರಾರು ಮಾಡಿಕೊಂಡಿತು. ಎರಡೂ ರಾಜ್ಯಗಳಲ್ಲಿ 2,000 ಜೋಡಿ ಮಾಡಿಸುವುದು, ಜೋಡಿಗೆ ಸುಮಾರು 800 ಯೂರೋ, 2026ರ ಫೆಬ್ರುವರಿಯಿಂದ ಮಾರಾಟ ಅಂತ ಸಾರಲಾಯಿತು. ಕಸುಬುದಾರರಿಗೆ ತರಬೇತಿ ಕೊಡುವ ಮಾತೂ ಅದರಲ್ಲಿದೆ. ನಮ್ಮ ರೂಪಾಯಿ ಲೆಕ್ಕದಲ್ಲಿ ಜೋಡಿಗೆ 80 ಸಾವಿರದ ಆಜೂಬಾಜು. 2,000 ಜೋಡಿಗೆ 16 ಲಕ್ಷ ಯೂರೋ!

ವಾಚಕರೇ, ಬೆರಳು ಮಡಿಚಿ ಲೆಕ್ಕ ಹಾಕಿರಿ. ಈ ಗಂಟಿನಲ್ಲಿ ಅಥಣಿ ಪೇಟೆಗೆ ಬರುವುದೆಷ್ಟು? ಮದಭಾವಿಯ ಹೆಣ್ಣುಮಗಳ ಸೆರಗಿಗೆ ಬೀಳುವುದೆಷ್ಟು? ಕೇಳಬೇಕಾದ ಪ್ರಶ್ನೆ ಇದು. ಗದ್ದಲ ಮಾಡಿದವರು ಯಾರೂ ಇದನ್ನು ಕೇಳಲಿಲ್ಲ.

ಒಂದು ಜೋಡಿಗೆ ಎಷ್ಟು ಕೈ?

ಪೇಟೆಯಲ್ಲಿ ಚೌಕಾಶಿ ಮಾಡುವವರಿಗೆ ಈ ಚಪ್ಪಲಿ ಹುಟ್ಟುವ ಬಗೆ ಗೊತ್ತಿರುವುದಿಲ್ಲ. ಹಳೆಯ ಪದ್ಧತಿಯಲ್ಲಿ ಎಮ್ಮೆ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆಯುತ್ತಾರೆ. ಆಮೇಲೆ ಆ ತೊಗಲನ್ನೇ ಚೀಲದ ಹಾಗೆ ಹೊಲಿದು, ಒಳಗೆ ಜಾಲಿ ತೊಗಟೆ, ಅಳಲೆಕಾಯಿಯ ರಸ ತುಂಬಿ ತೂಗುಹಾಕುತ್ತಾರೆ. ರಸ ನಿಧಾನಕ್ಕೆ ತೊಗಲೊಳಗೆ ಇಳಿದು ಹದ ಬರುತ್ತದೆ. ಇದು ಒಂದೆರಡು ದಿನದ ಮಾತಲ್ಲ, ವಾರಗಟ್ಟಲೆ ಕೆಲಸ. ಈ ಹದ ಮಾಡುವವರು ಬಹುಪಾಲು ಡೋರ ಸಮಾಜದವರು, ಚಪ್ಪಲಿ ಮಾಡುವವರು ಸಮಗಾರರು.

ಗಂಡಸರು ರಂಪಿಗೆ ಹಿಡಿದು ಅಟ್ಟೆ ಕತ್ತರಿಸುತ್ತಾರೆ, ಕೂಡಿಸುತ್ತಾರೆ, ಬಡಿದು ಗಟ್ಟಿ ಮಾಡುತ್ತಾರೆ. ಮೇಲಿನ ಪಟ್ಟಿಯ ಹೆಣಿಗೆ, ಜಡೆ, ತೂತಿನ ಚಿತ್ತಾರ, ಹೊಲಿಗೆ ಹೆಂಗಸರ ಪಾಲಿಗೆ. ಮೊಳೆ ಇಲ್ಲ. ತೊಗಲಿನ ದಾರದಿಂದಲೇ ಹೊಲಿಗೆ. ಮನೆಯ ಮುದುಕಿ, ಸೊಸೆ, ಶಾಲೆ ಬಿಟ್ಟು ಬಂದ ಹುಡುಗಿ, ಎಲ್ಲರ ಕೈಯೂ ಒಂದೇ ಜೋಡಿಗೆ ಹತ್ತುತ್ತದೆ. ಆದರೆ ಮಜೂರಿ ಲೆಕ್ಕ ಹಾಕುವಾಗ ಸಾಹುಕಾರನಿಗೆ ಕಾಣುವುದು ಗಂಡಸಿನ ಒಬ್ಬನ ಕೈ. ಹೆಂಗಸರದು ‘ಮನಿಯಾಗಿನ ಕೆಲಸ’ ಅಂತ ಬಿಟ್ಟುಹೋಗುತ್ತದೆ.

ಮಳೆಗಾಲ ಬಂತೋ ಕಸುಬಿಗೆ ಸೂತಕ. ತೊಗಲು ಒಣಗದು, ಗಿರಾಕಿ ಕೊಳ್ಳನು. ಆ ತಿಂಗಳುಗಳಲ್ಲಿ ಒಲೆ ಉರಿಯಬೇಕಾದರೆ ದಲ್ಲಾಳಿಯ ಹತ್ತಿರ ಮುಂಗಡ. ಮುಂಗಡ ತೆಗೆದುಕೊಂಡ ಮೇಲೆ ಅವನು ಹೇಳಿದ್ದೇ ದರ. ಹಿಂದೆ ಜೀತ ಅನ್ನುತ್ತಿದ್ದರು. ಈಗ ‘ಉದ್ರಿ ವ್ಯವಹಾರ’ ಅನ್ನುತ್ತಾರೆ, ಅಷ್ಟೇ ಫರಕು!

ಹೆಸರು ಹೋದದ್ದು ಹೇಗೆ?

ಇದರಲ್ಲಿ ಕೊಲ್ಹಾಪುರದವರ ಮೋಸವೇನೂ ಇಲ್ಲ. ಶಾಹೂ ಮಹಾರಾಜರು (ಆಳಿಕೆ 1894ರಿಂದ 1922) ಈ ಕಸುಬಿಗೆ ಉತ್ತೇಜನ ಕೊಟ್ಟ ಧಣಿ. ಸುತ್ತಲಿನ ಮಾಲೆಲ್ಲ ಬಂದು ಬೀಳುವ ದೊಡ್ಡ ಪೇಟೆ ಕೊಲ್ಹಾಪುರವೇ ಆಗಿತ್ತು. ಅಥಣಿ, ಚಿಕ್ಕೋಡಿ ಕಡೆಯ ಮಾಲೂ ಅಲ್ಲಿಗೇ ಹೋಗುತ್ತಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಹೊಸದಾಗಿ ಎಳೆದರು. ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಕಸುಬುದಾರ ಇತ್ತ ಉಳಿದ, ಪೇಟೆ ಅತ್ತ ಉಳಿಯಿತು.

ಗಡಿ ಅಂದರೆ ನಮ್ಮ ಧುರೀಣರಿಗೆ ಭಾಷೆಯ ಜಗಳ, ಮೋರ್ಚಾ, ಬಂದ್. ಚಪ್ಪಲಿ ಮಾಡುವವನ ಮನೆಯಲ್ಲಿ ಕನ್ನಡವೂ ಉಂಟು, ಮರಾಠಿಯೂ ಉಂಟು. ಅವನಿಗೆ ಗಡಿ ಅಂದರೆ ತನ್ನ ಮಾಲಿನ ಹೆಸರು ಮತ್ತು ಬೆಲೆ ಎರಡೂ ಆಚೆ ದಂಡೆಯಲ್ಲಿ ಇರುವುದು. ಆ ಜಗಳಕ್ಕೆ ಬಂದ ಜನ ಈ ಜಗಳಕ್ಕೆ ಬರಲಿಲ್ಲ.

ಕಾಗದದ ಮೇಲೆ ಸಿಕ್ಕ ಹಕ್ಕು

2019ರಲ್ಲಿ ಒಂದು ಒಳ್ಳೆಯ ಕೆಲಸ ಆಯಿತು. ಕೊಲ್ಹಾಪುರಿ ಚಪ್ಪಲಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದು ಎಂಟು ಜಿಲ್ಲೆಗಳಿಗೆ ಸೇರಿದ ಹಕ್ಕು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ ನಾಲ್ಕು. ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ನಾಲ್ಕು. ಹಕ್ಕಿನ ಒಡೆತನ ಲಿಡ್‌ಕಾಮ್, ಲಿಡ್ಕರ್ ಎರಡಕ್ಕೂ ಜಂಟಿ. ಹೀಗಾಗಿ ಅಥಣಿಯಲ್ಲಿ ಮಾಡಿದ್ದೂ ಕಾನೂನು ಪ್ರಕಾರ ಅಸಲೀ ಕೊಲ್ಹಾಪುರಿಯೇ.

ಆದರೆ ಕಾನೂನಿನ ಒಳಗೆ ಒಂದು ಮೆಟ್ಟಿಲು ಉಂಟು. 1999ರ ಜಿಐ ಕಾಯದೆ ಪ್ರಕಾರ ಆ ಗುರುತನ್ನು ತನ್ನ ಮಾಲಿನ ಮೇಲೆ ಹಾಕಬೇಕಾದರೆ ಕಸುಬುದಾರ ‘ಅಧಿಕೃತ ಬಳಕೆದಾರ’ ಅಂತ ತನ್ನ ಹೆಸರು ನೋಂದಾಯಿಸಬೇಕು. ಅರ್ಜಿ, ಪುರಾವೆ, ಸಹಿ, ಶಿಕ್ಕಾ. ದಿನದ ಮಜೂರಿ ಬಿಟ್ಟು ಈ ಕಾಗದದ ಬೆನ್ನು ಹತ್ತುವವರು ಯಾರು? ನಿಗಮದವರು ಓಣಿಗೆ ಬಂದು ಅರ್ಜಿ ತುಂಬಿಸಿದರೆ ಆದೀತು. ಓಣಿಯವರೇ ಕಚೇರಿಗೆ ಅಲೆಯಬೇಕೆಂದರೆ ಆಗದು.

ನೋಂದಣಿ ಇಲ್ಲದಿದ್ದರೆ ಏನಾಗುತ್ತದೆ? ರೆಕ್ಸಿನ್ನಿನ ಚಪ್ಪಲಿ, ಯಂತ್ರದಲ್ಲಿ ಒತ್ತಿದ ಚಪ್ಪಲಿ ‘ಕೊಲ್ಹಾಪುರಿ’ ಅಂತಲೇ ಜಾತ್ರೆ ಬಾಜಾರದಲ್ಲಿ ಕಡಿಮೆ ದರಕ್ಕೆ ಮಾರಾಟ ಆಗುತ್ತದೆ. ಅಸಲೀ ಮಾಲಿನವನು ಮೂಲೆಯಲ್ಲಿ ಬಾಯಿ ಮುಚ್ಚಿ ಕೂಡುತ್ತಾನೆ. ಕಾನೂನು ಇದ್ದೂ ಇಲ್ಲದ ಹಾಗೆ.

2023ರಲ್ಲಿ ಚಿತ್ರನಟ ಡಾಲಿ ಧನಂಜಯ ಲಿಡ್ಕರಿನ ರಾಯಭಾರಿ ಆದರು. ಪ್ರಚಾರ ಬೇಕು, ಬೇಡ ಅನ್ನುವುದಿಲ್ಲ. ಆದರೆ ಪೋಸ್ಟರಿನಲ್ಲಿ ನಟ ಮಿಂಚಿದರೆ ಸಾಲದು, ಅಂಗಡಿಯಲ್ಲಿ ಅಥಣಿಯ ಮಾಲು ಇರಬೇಕು. ಮಾಲು ಮಾಡಿದವನಿಗೆ ವೇಳೆಗೆ ಸರಿಯಾಗಿ ರೊಕ್ಕ ಮುಟ್ಟಬೇಕು.

ತೊಗಲಿನ ತಾಪತ್ರಯ

ಕಬ್ಬಿನ ಕಾರಖಾನೆಗೆ ಕಬ್ಬು ಬೇಕಾದ ಹಾಗೆ ಚಪ್ಪಲಿಗೆ ತೊಗಲು ಬೇಕು. ಈಗ ಅದೇ ದುಬಾರಿ. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯದೆ 2021ರಿಂದ ಜಾರಿಗೆ ಬಂತು. ಅದರಲ್ಲಿ 13 ವರ್ಷ ಮೀರಿದ ಎಮ್ಮೆ ಕೋಣಕ್ಕೆ ಮಾತ್ರ ವಿನಾಯಿತಿ. ಮಹಾರಾಷ್ಟ್ರದಲ್ಲಿ 2015ರಿಂದಲೇ ಬಿಗಿ ಕಾನೂನು. ಕಾಯದೆ ಸರಿಯೋ ತಪ್ಪೋ ಅದು ಬೇರೆ ಚರ್ಚೆ, ವಿಧಾನಸೌಧದಲ್ಲಿ ಮಾಡಿಕೊಳ್ಳಲಿ. ಆದರೆ ತೊಗಲು ಸಾಗಿಸುವವನಿಗೆ ದಾರಿಯಲ್ಲಿ ಅಂಜಿಕೆ ಹುಟ್ಟಿದ್ದು, ಅದರಿಂದ ಕಸುಬುದಾರನಿಗೆ ಬಿಸಿ ತಟ್ಟಿದ್ದು ಸುಳ್ಳಲ್ಲ. ಹದ ಮಾಡಿದ ತೊಗಲು ತಮಿಳುನಾಡಿನಿಂದ ಬರಬೇಕಾದ ಪರಿಸ್ಥಿತಿ. ಊರಲ್ಲಿಯೇ ಹುಟ್ಟುತ್ತಿದ್ದ ಸರಕಿಗೆ ಲಾರಿ ಬಾಡಿಗೆ ಕೂಡಿದರೆ ಉಳಿಯುವುದೇನು?

ತೊಗಲು ಹದ ಮಾಡುವ ಕೆಲಸಕ್ಕೂ ನೀರು ಬೇಕು, ಹೊಲಸು ನೀರು ಹರಿದುಹೋಗಲು ಗಟಾರ ಬೇಕು. ಊರ ನಡುವೆ ವಾಸನೆ ಅಂತ ಅಕ್ಕಪಕ್ಕದವರ ತಕರಾರು. ಹಾಗಾದರೆ ಊರ ಹೊರಗೆ ಜಾಗ ಕೊಡಿರಿ! ಸಕ್ಕರೆ ಕಾರಖಾನೆಗೆ ಎಕರೆಗಟ್ಟಲೆ ಜಾಗ ಹುಡುಕಿ ಕೊಡುವವರಿಗೆ ನಾಲ್ಕು ಹೊಂಡ ತೋಡುವಷ್ಟು ಗಾಂವಠಾಣ ಸಿಗಲಾರದೇ?

ನಿಪ್ಪಾಣಿ ಕಲಿಸಿದ ಪಾಠ

‘ಬಡವ್ರು ಒಂದಾಗೂದಿಲ್ರೀ, ಅದಕ್ಕ ಹಿಂಗ’ ಅಂತ ಅನ್ನುವವರಿದ್ದಾರೆ. ಅವರು ನಿಪ್ಪಾಣಿಯ ಇತಿಹಾಸ ಓದಬೇಕು.

ನಿಪ್ಪಾಣಿ ಅಂದರೆ ತಂಬಾಕು. ತಂಬಾಕಿನ ವಖಾರಗಳಲ್ಲಿ ಹೆಂಗಸರು ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು ಧೂಳಿನಲ್ಲಿ ಜರಡಿ ಹಿಡಿಯುತ್ತಿದ್ದರು. ಹೊತ್ತು ಗೊತ್ತು ಇಲ್ಲದ ಕೆಲಸ, ಬಿಡಿಗಾಸಿನ ಪಗಾರ. 1970ರ ದಶಕದ ಕೊನೆಯ ಹೊತ್ತಿಗೆ ಈ ಹೆಂಗಸರು ಎದ್ದು ನಿಂತರು. ಪ್ರೊ. ಸುಭಾಷ ಜೋಶಿಯವರಂಥವರ ಮುಂದಾಳತ್ವದಲ್ಲಿ ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದ ಬಾವುಟದ ಕೆಳಗೆ ಸಂಘಟಿತರಾದರು. ಅಕ್ಷರ ಬಾರದ ತಾಯಂದಿರು ಮಾಲಕನ ಎದುರು ಕೂತು ಪಗಾರದ ಮಾತಾಡಿದರು. ಆ ಹೋರಾಟದ ಮೇಲೆ ‘ಯುಗಾಂತರ’ ಅನ್ನುವ ಮಹಿಳೆಯರ ತಂಡ 1982ರಲ್ಲಿ ‘ತಂಬಾಖೂ ಚಾಕಿಲಾ ಊಬ ಆಲಿ’ ಅನ್ನುವ ಮರಾಠಿ ಚಿತ್ರ ತೆಗೆಯಿತು. ಇವತ್ತಿಗೂ ದೇಶ ವಿದೇಶಗಳಲ್ಲಿ ಅದನ್ನು ತೋರಿಸುತ್ತಾರೆ. ನಿಪ್ಪಾಣಿಯ ಎಷ್ಟು ಮಂದಿಗೆ ಅದರ ನೆನಪು ಇದೆ?

1981ರಲ್ಲಿ ತಂಬಾಕು ಬೆಳೆಗಾರರ ಸರದಿ. ದರಕ್ಕಾಗಿ ಶರದ ಜೋಶಿಯವರ ನೇತೃತ್ವದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ರೈತರು ಕೂತರು. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ 12 ಮಂದಿ ಬಲಿಯಾದರು. ನಮ್ಮ ಬೆಳೆಗೆ ನಾವು ದರ ಕೇಳಿದ್ದಕ್ಕೆ ಈ ನೆಲ ತೆತ್ತ ಬೆಲೆ ಅದು.

ಇನ್ನು ಸಕ್ಕರೆಯ ಕತೆ. ಈಗಿನ ಕಾಗವಾಡ ತಾಲೂಕಿನ ಉಗಾರದಲ್ಲಿ 1939ರಲ್ಲಿಯೇ ಖಾಸಗಿ ಕಾರಖಾನೆ ಹುಟ್ಟಿತ್ತು. ಮುಂದೆ ರೈತರು ಶೇರು ಕೂಡಿಸಿ ಚಿಕ್ಕೋಡಿಯಲ್ಲಿ ದೂಧಗಂಗಾ ಕೃಷ್ಣಾ, ನಿಪ್ಪಾಣಿಯಲ್ಲಿ ಹಾಲಸಿದ್ಧನಾಥ, ಅಥಣಿಯಲ್ಲಿ ಕೃಷ್ಣಾ, ರಾಯಬಾಗದಲ್ಲಿ ರಾಯಬಾಗ ಅಂತ ಸಹಕಾರಿ ಕಾರಖಾನೆ ಕಟ್ಟಿದರು. ಅವುಗಳ ಒಳಗಿನ ರಾಜಕಾರಣ ಏನೇ ಇರಲಿ, ಹೊಲ ಇದ್ದವರಿಗೆ ಒಂದು ಸಂಸ್ಥೆ, ಒಂದು ದನಿ ದಕ್ಕಿತು. ಶೇರು ತೆಗೆದುಕೊಳ್ಳಲು ಹೊಲ ಇಲ್ಲದ ಸಮಗಾರನಿಗೆ ಅಂಥದ್ದು ಯಾವುದೂ ದಕ್ಕಲಿಲ್ಲ. ಅವನ ಹೊಲ ಅವನ ಹತ್ತು ಬೆರಳು. ಅದರ ಮೇಲೆ ಶೇರು ಕೊಡುವ ಸೊಸಾಯಿಟಿ ಎಲ್ಲಿದೆ?

ಅಥಣಿಯಲ್ಲೇ ನಡೆದ ಪ್ರಯೋಗ

ದಾರಿ ಇಲ್ಲವೇ ಇಲ್ಲ ಅಂತಲ್ಲ. 1990ರ ದಶಕದ ಕೊನೆಗೆ ಬೆಂಗಳೂರಿನ ‘ಅಸೆಂಟ್’ ಸಂಸ್ಥೆಯವರು ಅಥಣಿಗೆ ಬಂದು ಹೆಂಗಸರ ಸ್ವಸಹಾಯ ಗುಂಪು ಕಟ್ಟಿದರು. ಅದರಿಂದ ‘ಟೋಹೋಲ್ಡ್’ ಅನ್ನುವ ಕಸುಬುದಾರರ ಒಕ್ಕೂಟ ಹುಟ್ಟಿತು. ಹೊಸ ನಮೂನೆ, ಸರಿಯಾದ ಅಳತೆ, ಮೆತ್ತನೆಯ ಅಟ್ಟೆ. ದಲ್ಲಾಳಿ ಕೈ ಬಿಟ್ಟು ನೇರವಾಗಿ ಪರದೇಶಕ್ಕೆ ಮಾಲು. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯ ತಜ್ಞರೂ ಈ ಸೀಮೆಗೆ ಬಂದು ಕೆಲಸದ ವಿಧಾನ ಸುಧಾರಿಸಲು ಕೈ ಹಾಕಿದರು.

ಆ ಪ್ರಯೋಗದಿಂದ ಮೂರು ಮಾತು ತಿಳಿದವು. ಅಳತೆ ಸರಿ ಇದ್ದರೆ ಅಥಣಿ ಮಾಲು ಪರದೇಶದಲ್ಲೂ ನಿಲ್ಲುತ್ತದೆ. ಹೆಂಗಸಿನ ಹೆಸರಿಗೆ ಬ್ಯಾಂಕಿನ ಖಾತೆ ತೆರೆದರೆ ಮನೆಯ ಹಿಡಿತ ಅವಳ ಕೈಗೂ ಬರುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಮಳೆಗಾಲದಲ್ಲಿ ದುಡಿಯುವ ಬಂಡವಾಳ ಗುಂಪಿನಲ್ಲಿಯೇ ಸಿಕ್ಕರೆ ದಲ್ಲಾಳಿಯ ಮುಂಗಡಕ್ಕೆ ಕೈ ಚಾಚಬೇಕಿಲ್ಲ. ಒಂದು ಊರಲ್ಲಿ ಒಂದು ಸಂಸ್ಥೆ ಇಷ್ಟು ತೋರಿಸಿಕೊಟ್ಟ ಮೇಲೆ ಉಳಿದ ನಾಲ್ಕು ತಾಲೂಕುಗಳಿಗೆ ಅದನ್ನು ಒಯ್ಯಬೇಕಾದದ್ದು ಸರಕಾರದ ಕೆಲಸವಾಗಿತ್ತು.

ಓಣಿ ಖಾಲಿ ಆಗುತ್ತಿದೆ

ಈಗ ಓಣಿಯ ಹುಡುಗರು ರಂಪಿಗೆ ಹಿಡಿಯಲು ಒಲ್ಲೆ ಅನ್ನುತ್ತಾರೆ. ಇಚಲಕರಂಜಿಯ ಮಗ್ಗ, ಮಿರಜ-ಸಾಂಗಲಿಯ ಅಂಗಡಿ, ಕೊಲ್ಹಾಪುರದ ಕಾರಖಾನೆ ಕರೆಯುತ್ತವೆ. ಅವರನ್ನು ಬೈದು ಫಲವಿಲ್ಲ. ಅಪ್ಪನ ಬೆನ್ನು ಬಾಗಿದ್ದು, ಅವ್ವನ ಕಣ್ಣು ಮಂಜಾದದ್ದು ಅವರು ನೋಡಿದ್ದಾರೆ. ಕಸುಬಿನ ಜೊತೆ ಅಂಟಿಕೊಂಡ ಜಾತಿಯ ಅವಮಾನವನ್ನೂ ನೋಡಿದ್ದಾರೆ. ಜಯಂತಿ ದಿವಸ ಶರಣ ಹರಳಯ್ಯನವರ ಫೋಟೋಕ್ಕೆ ಹಾರ ಹಾಕಿ ಭಾಷಣ ಮಾಡುವ ನಾವು, ಮರುದಿನ ಅದೇ ಓಣಿಯ ದಾರಿ ತುಳಿಯುವುದಿಲ್ಲ. ಕಸುಬಿಗೆ ಮಾನ ಇಲ್ಲದ ಕಡೆ ಮಗ ಯಾತಕ್ಕೆ ಉಳಿದಾನು?

ಸೇವೆ ಸೌಲಭ್ಯದ ಮಾತೂ ಇದಕ್ಕೇ ಕೂಡಿಕೊಂಡಿದೆ. ನಿಪ್ಪಾಣಿ, ಕಾಗವಾಡ 2018ರಲ್ಲಿ ಹೊಸ ತಾಲೂಕುಗಳಾದವು. ಬೋರ್ಡು ಬದಲಾಯಿತು, ಸಂತೋಷ. ಆದರೆ ದೊಡ್ಡ ಬೇನೆ ಬಂದರೆ ಗಡಿ ಭಾಗದ ಮಂದಿ ಹೊರಡುವುದು ಇಂದಿಗೂ ಮಿರಜಕ್ಕೆ. 1894ರಲ್ಲಿ ಡಾ. ವಾನ್ಲೆಸ್ ಅಲ್ಲಿ ಆಸ್ಪತ್ರೆ ಹಾಕಿದಾಗಿನಿಂದ ಬಿದ್ದ ರೂಢಿ ಅದು. ಔಷಧದ ಖರ್ಚು, ಬಸ್ಸಿನ ಖರ್ಚು, ಮುಳುಗಿದ ಮಜೂರಿ ಎಲ್ಲ ಕೂಡಿ ಮತ್ತೆ ಸಾಲ. 2005, 2019, 2021ರ ಮಹಾಪೂರಗಳಲ್ಲಿ ಕೃಷ್ಣೆ ಉಕ್ಕಿದಾಗ ಹೊಲದ ಬೆಳೆಗೆ ಪಂಚನಾಮೆ ಆಯಿತು. ಗುಡಿಸಲಲ್ಲಿ ನೆನೆದು ಕೊಳೆತ ತೊಗಲಿಗೆ, ಅರ್ಧ ಆದ ಜೋಡಿಗಳಿಗೆ ಪಂಚನಾಮೆ ಬರೆಯಲು ತಲಾಠಿಯ ವಹಿಯಲ್ಲಿ ಕಾಲಮ್ಮು ಉಂಟೇ?

ಆಗಬೇಕಾದದ್ದು ಏನು?

ಬರೀ ಟೀಕೆ ಮಾಡಿ ಕೈ ತೊಳೆದುಕೊಂಡರೆ ಉಪಯೋಗವಿಲ್ಲ. ಆಗಬೇಕಾದ ಕೆಲಸ ಐದು.

ಒಂದು: ಐದೂ ತಾಲೂಕುಗಳ ಪ್ರತಿ ಕಸುಬುದಾರನ, ಮುಖ್ಯವಾಗಿ ಪ್ರತಿ ಕಸುಬುದಾರಳ ಹೆಸರು ಜಿಐ ಬಳಕೆದಾರರ ಪಟ್ಟಿಗೆ ಸೇರಬೇಕು. ಲಿಡ್ಕರ್ ಅಧಿಕಾರಿಗಳು ಓಣಿಗೇ ಬಂದು ಶಿಬಿರ ಹಾಕಲಿ.

ಎರಡು: ಅಥಣಿಯಲ್ಲಿ ಒಂದು, ನಿಪ್ಪಾಣಿಯಲ್ಲಿ ಒಂದು ತೊಗಲಿನ ಡಿಪೋ. ರೈತನಿಗೆ ಗೊಬ್ಬರ ಸೊಸಾಯಿಟಿಯಲ್ಲಿ ಸಿಗುವ ಹಾಗೆ ಇವರಿಗೆ ಹದ ಮಾಡಿದ ತೊಗಲು ರಾಸ್ತ ದರಕ್ಕೆ ಸಿಗಬೇಕು. ಪಕ್ಕದಲ್ಲೇ ನೀರು, ಗಟಾರ ಇರುವ ಹದ ಮಾಡುವ ಜಾಗ.

ಮೂರು: ಬಂಡವಾಳ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ಕಸುಬೂ ಇದೆ. ಸಲಕರಣೆಗೆ 15,000 ರೂಪಾಯಿ, ಮೊದಲ ಹಂತದಲ್ಲಿ 1 ಲಕ್ಷ, ಎರಡನೇ ಹಂತದಲ್ಲಿ 2 ಲಕ್ಷ ಸಾಲ, ಬಡ್ಡಿ ಶೇಕಡಾ 5. ದಲ್ಲಾಳಿಯ ಮುಂಗಡಕ್ಕಿಂತ ಇದು ನೂರು ಪಾಲು ಮೇಲು. ಆದರೆ ಬ್ಯಾಂಕಿನ ಬಾಗಿಲಲ್ಲಿ ಅರ್ಜಿ ಕೊಳೆಯಬಾರದು. ಗ್ರಾಮ ಪಂಚಾಯತಿಯವರು ಬೆನ್ನು ಹತ್ತಿ ಮಾಡಿಸಿಕೊಡಬೇಕು.

ನಾಲ್ಕು: ಪ್ರಾಡಾ ಕರಾರಿನಂಥದ್ದು ಬಂದಾಗ ಒಂದು ಜೋಡಿಗೆ ಮಾಡಿದವರ ಪಾಲೆಷ್ಟು ಅನ್ನುವ ಲೆಕ್ಕವನ್ನು ನಿಗಮ ಬಹಿರಂಗ ಮಾಡಬೇಕು. ಹೆಣಿಗೆಯ ಮಜೂರಿ ಬೇರೆ ಬರೆದು ಹೆಂಗಸರ ಖಾತೆಗೇ ಹಾಕಬೇಕು.

ಐದು: ಕಸುಬುದಾರರೇ ಶೇರುದಾರರಾದ ಒಂದು ಸಹಕಾರಿ ಸಂಘ. ಡೈರೆಕ್ಟರ ಖುರ್ಚಿಗೆ ರಾಜಕೀಯದವರು ಬಂದು ಕೂಡುವುದು ಬೇಡ. ಸಕ್ಕರೆ ಸೀಮೆಯಲ್ಲಿ ಆ ರೋಗ ಸಾಕಷ್ಟು ನೋಡಿದ್ದೇವೆ!

ಇದರಲ್ಲಿ ಯಾವುದೂ ಆಕಾಶದಿಂದ ಚಂದ್ರನನ್ನು ತರುವ ಕೆಲಸವಲ್ಲ. ಕಾನೂನು ಇದೆ, ನಿಗಮ ಇದೆ, ಯೋಜನೆ ಇದೆ, ಗಿರಾಕಿಯೂ ಇದ್ದಾನೆ. ಇಲ್ಲದ್ದು ಇವೆಲ್ಲವನ್ನೂ ಓಣಿಯವರೆಗೆ ತಂದು ಮುಟ್ಟಿಸುವ ಮನಸ್ಸು. ನಮ್ಮ ಐದೂ ತಾಲೂಕುಗಳ ಶಾಸಕರು ಪಕ್ಷ ಬದಿಗಿಟ್ಟು ಒಂದು ಅಧಿವೇಶನದಲ್ಲಿ ಒಮ್ಮೆ ಒಟ್ಟಿಗೆ ಎದ್ದು ಕೇಳಿದರೆ ಅರ್ಧ ಕೆಲಸ ಆದೀತು.

ಉಳಿದರ್ಧ ವಾಚಕರ ಕೈಯಲ್ಲಿದೆ. ಮುಂದಿನ ಸಲ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲೋ, ಕೊಲ್ಹಾಪುರದ ಚಪ್ಪಲಿ ಗಲ್ಲಿಯಲ್ಲೋ ಒಂದು ಜೋಡಿ ಕೊಳ್ಳುವಾಗ ಬೆಲೆ ಕೇಳುವುದಕ್ಕಿಂತ ಮೊದಲು ಒಂದು ಮಾತು ಕೇಳಿರಿ: ‘ಇದು ಯಾವ ಊರಾಗ ಮಾಡಿದ್ದು? ಮಾಡಿದವರಿಗೆ ಏನು ಕೊಟ್ರಿ?’ ನೂರು ಮಂದಿ ಕೇಳಿದರೆ ಅಂಗಡಿಕಾರ ಉತ್ತರ ಹುಡುಕಿಯಾನು. ಸಾವಿರ ಮಂದಿ ಕೇಳಿದರೆ ಚಪ್ಪಲಿಯ ಮೇಲೆ ಅಥಣಿಯ ಹೆಸರು ಬಂದೀತು. ಹೆಸರಿನ ಬೆನ್ನಿಗೆ ಬೆಲೆಯೂ ಬಂದೀತು.

ಸಂಬಂಧಪಟ್ಟವರು ಇತ್ತ ಗಮನ ಕೊಡುವರೇ?